ಗದ್ದೆಗೆ ಹತ್ತಿದ ಕಜ್ಜಿ

“ಲೇ ಲೂದಿಂಗೂ, ನಿನ್ ಗದ್ದೆಗೆ ಕಜ್ಜಿ ಹತ್ಯದೆ ಕಣೇ! ನಿನ್ ತೊಡೆಗೂ ಹತ್ತಿರ್ಬೇಕು, ಎತ್ತಿ ತೋರ್ಸು ನೋಡವ!”

ಜಮೀನಿನ ಒಡತಿ ದೋನ್ಯಾ ಕ್ರಿಸಾಂತಾಳ ಪಾರುಪತ್ಯಗಾರ ಪ್ರುದೋ ಬದುವಿನ ಮೇಲೆ ಮೋಟಾರ್ ಸೈಕಲ್ ನಿಲ್ಲಿಸಿ ಹೀಗೆ ಕೂಗಿದಾಗ ಲೂದಿಂಗ್ ಮಂಡಿಯುದ್ದ ಕೆಸರಿನಲ್ಲಿದ್ದಳು. ಸೀರೆಯಂತೆ ಸುತ್ತಿದ ಹಳೇ ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನೀರಿನ ಮೇಲೆ ಕಂಬಳಿ ಹಾಸಿದಂತೆ ಹಬ್ಬಿದ್ದ ಅಜೋಲಾ ಎಂಬ ಪುಟ್ಟೆಲೆಯ ನೀರುಗಿಡವನ್ನು ಕಾಲಲ್ಲಿ ಕೆಸರಿಗೆ ತುಳಿಯುತ್ತಿದ್ದಳು. ತುಳಿದಷ್ಟೂ ಪಕ್ಕದಲ್ಲಿ ಇನ್ನೊಂದಿಷ್ಟು ಕಿಲಕಿಲ ನಗುತ್ತಾ ಬಂದು ತುಂಬಿಕೊಳ್ಳುತ್ತಿತ್ತು.

“ನನ್ ತೊಡೆ ಆಮೇಕೆ ನೋಡೀಯಂತೆ ಪ್ರುದೋ. ಮೊದ್ಲು ನಿನ್ ನಾಲ್ಗೆ ತೋರ್ಸು. ದೋನ್ಯಾ ಚಪ್ಲಿ ನೆಕ್ಕಿ ನೆಕ್ಕಿ ಅಲ್ಲೂ ಕಜ್ಜಿ ಎದ್ದಿರ್ಬೇಕು.”

ಆಚೆ ಗದ್ದೆಯಲ್ಲಿ ಬಾತುಕೋಳಿ ಅಟ್ಟುತ್ತಿದ್ದ ಮುದುಕಿ ತಿಸಿಂಗ್ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಪ್ರುದೋಗೆ ಅದು ಚುರುಕ್ಕೆಂದಿತು.

“ಬಾಯಿ ಜೋರಾಗದೆ ನಿಂದು. ನಿಮ್ ಪಾಲಿನ ಯೂರಿಯಾ ಚೀಲ ಗೋದಾಮಲ್ಲಿ ಕೂತು ಕಾಯ್ತಾವೆ. ಎಲ್ಲಾ ಗೇಣಿದಾರ್ರೂ ಹೊತ್ಕಂಡ್ ಹೋದ್ರು. ನಿನ್ ಗಂಡ ಎಲ್ ಸತ್ತ?”

“ನಮ್ಗೆ ಈ ಸಲ ಯೂರಿಯಾ ಬ್ಯಾಡ.”

“ಏನು?”

“ಬ್ಯಾಡ ಅಂದೆ. ಕಿವೀಗೂ ಹತ್ಯದಾ ಕಜ್ಜಿ?”

ಗದ್ದೆ ಮಾಡುವವಳು ಯೂರಿಯಾ ಬೇಡ ಅನ್ನುವುದನ್ನು ಪ್ರುದೋ ತನ್ನ ಜನ್ಮದಲ್ಲಿ ಕೇಳಿರಲಿಲ್ಲ. ಇನ್ನೂ ಹತ್ತಿರದಿಂದ ಕೇಳಿಸಿಕೊಳ್ಳುವವನಂತೆ ಒಂದು ಹೆಜ್ಜೆ ಮುಂದಿಟ್ಟ. ಬದುವಿನ ಅಂಚು ಆಗತಾನೇ ಸಾರಿಸಿದ್ದು. ಬೂಟು ಜಾರಿತು. ಇಸ್ತ್ರಿ ಪ್ಯಾಂಟಿನ ಸಮೇತ ಅವನು ಅಜೋಲಾದ ಮಧ್ಯೆ ಕೂತುಬಿಟ್ಟ. ಎದ್ದಾಗ ಹಿಂಬದಿಯ ತುಂಬಾ ಹಸಿರು.

“ಅಂಟ್ಕತು, ಅಂಟ್ಕತು! ಮನೇಗ್ ಹೋಗಿ ಹೆಂಡ್ರ ಕೈಲಿ ಕೆರಿಸ್ಕೊ ಹೋಗ್ಲಾ,” ಎಂದಳು ತಿಸಿಂಗ್.

ಅವನು ಇಬ್ಬರ ವಂಶವನ್ನೂ ಮೂರು ತಲೆಮಾರಿನವರೆಗೆ ಬೈದು, ಗಾಡಿ ಒದ್ದು ಹೊರಟ.

ಮಾತುತುಮ್ ಬೆಟ್ಟದ ಕೆಳಗಿನ ಆ ಬಯಲಿಗೆ ಲೂದಿಂಗಳ ಅಪ್ಪನಂಥವರು ಪನಾಯ್ ದ್ವೀಪದಿಂದ ಹಡಗು ಹತ್ತಿ ಬಂದಿದ್ದರು, ನೆಲ ಸಿಗುತ್ತದೆಂದು. ನೆಲ ಇತ್ತು. ಬೆಟ್ಟ ಎಂದೋ ಉಗುಳಿದ ಬೂದಿ ಬೆರೆತ ಕಪ್ಪು ನೆಲ. ಅದರ ಕಾಗದ ಮಾತ್ರ ಬಂದವರಿಗಿಂತ ಮೊದಲೇ ದೋನ್ಯಾ ಕ್ರಿಸಾಂತಾಳ ಅಪ್ಪನ ಪೆಟ್ಟಿಗೆ ಸೇರಿತ್ತು. ನದಿಯಿಂದ ಕಾಲುವೆ ತೋಡಿಸಿದವನೂ ಅವನೇ. ತೋಡಿದವರು ಲೂದಿಂಗಳ ಅಪ್ಪನಂಥವರು.

ಭತ್ತದ ಪಾಲು ಅರ್ಧರ್ಧ ಎಂದೇ ಎಲ್ಲರೂ ಹೇಳುತ್ತಿದ್ದರು. ಆದರೆ ಅರ್ಧ ಮಾಡುವ ಮೊದಲು ಬೀಜ, ನೀರು, ಗೊಬ್ಬರದ ಬಾಬ್ತು ರಾಶಿಯಿಂದ ಎತ್ತಿಡಬೇಕು. ಗೊಬ್ಬರ ದೋನ್ಯಾಳ ಗೋದಾಮಿನದೇ. ಅರಬ್ಬರು ಎಣ್ಣೆಯ ಬೆಲೆ ಏರಿಸಿದ ಮೇಲೆ ಯೂರಿಯಾ ಬೆಲೆ ಮರ ಹತ್ತಿ ಕೂತಿತ್ತು; ದೋನ್ಯಾಳ ಗೋದಾಮಿನಲ್ಲಿ ಅದು ಮರದ ತುದಿಗೇ ಹತ್ತಿತ್ತು. ನಾಟಿಯಲ್ಲಿ ಒಯ್ದ ಒಂದು ಚೀಲ ಗೊಬ್ಬರಕ್ಕೆ ಕಟಾವಿನಲ್ಲಿ ಎರಡೂವರೆ ಚೀಲ ಭತ್ತ. ಹೋದ ಬೆಳೆಯಲ್ಲಿ ಎಲ್ಲ ಎತ್ತಿಟ್ಟು ಅರ್ಧ ಮಾಡಿದ ಮೇಲೆ ಲೂದಿಂಗಳ ಮನೆಗೆ ಬಂದದ್ದು ಮುಂದಿನ ನಾಟಿಯವರೆಗೂ ಸಾಲಲಿಲ್ಲ. ಭತ್ತ ಬೆಳೆಯುವವರು ಮೆಕ್ಕೆಜೋಳದ ನುಚ್ಚು ಬೇಯಿಸಿ, ಸೀಗಡಿ ಗೊಜ್ಜು ನೆಂಚಿಕೊಂಡು ತಿಂದರು.

ಅಜೋಲಾ ಸಿಕ್ಕಿದ್ದು ನದಿಯ ಮೇಲುಗಡೆಯ ಊರಿನಲ್ಲಿ, ಸೋದರತ್ತೆ ಮಗಳು ಕನ್ರಾದಾಳ ಮನೆಯ ಮಗುವಿನ ನಾಮಕರಣಕ್ಕೆ ಹೋದಾಗ. ಅವಳ ಗದ್ದೆಯ ನೀರೆಲ್ಲ ಹಸಿರು.

“ಇದೇನೇ ಇದು, ಪಾಚಿ ಕಟ್ಟದೆ?”

“ಪಾಚಿ ಅಲ್ಲ ಕಣೆ, ಗೊಬ್ರ. ಪ್ಯಾಟೆಯಿಂದ ಬಂದೋನು ಹೇಳ್ದ. ಒಂದೊಂದ್ ಎಲೆ ಒಳ್ಗೂ ಒಂದ್ ಗೂಡದಂತೆ. ಅದ್ರೊಳ್ಗೆ ಬ್ಯಾಕ್ಟೀರಿಯಾ ಅಂತ ಕಣ್ಣಿಗ್ ಕಾಣ್ದಿರೋ ಜೀವ ಬಿಡಾರ ಹೂಡ್ಕಂಡವಂತೆ. ಗಾಳೀಲಿರೋ ಸಾರಜನಕ ಹಿಡ್ದು ಎಲೆಗ್ ಉಣ್ಣಿಸ್ತವಂತೆ. ಎಲೆ ಅವಕ್ಕೆ ಇರಾಕ್ ಜಾಗ ಕೊಡ್ತದೆ. ಅದನ್ ಕೆಸರಿಗ್ ತುಳುದ್ರೆ ಕೊಳ್ತು ಭತ್ತಕ್ಕಾಯ್ತದೆ. ನಾವು ಯೂರಿಯಾ ಮುಟ್ಟಿ ಎರಡು ಬೆಳೆ ಆಯ್ತು.”

“ಅಂದ್ರೆ ಅವು ಎಲೆಗೆ ಗೇಣಿದಾರ್ರು ಅನ್ನು.”

“ಹೂಂ, ಅನ್ನು ಬೇಕಾರೆ.”

“ಪಾಲೆಷ್ಟು? ಅರ್ಧಾನಾ?”

“ಅದ್ ನಾ ಕೇಳ್ನಿಲ್ಲ ಕಣೆ.” ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಒದ್ದೆ ಗೋಣಿಯಲ್ಲಿ ತುಂಬಿಕೊಂಡು ಲೂದಿಂಗ್ ಬಸ್ಸಿನಂತೆ ಓಡುವ ಜೀಪ್ನಿ ಹತ್ತಿದಳು. ಗೋಣಿ ತೊಟ್ಟಿಕ್ಕಿ ಪಕ್ಕದವನ ಪ್ಯಾಂಟು ನೆನೆಯಿತು. ಡ್ರೈವರು ಗೋಣಿಗೂ ಒಂದು ಸೀಟಿನ ದುಡ್ಡು ಕಿತ್ತ. “ನಿಮ್ ಅತ್ತೇನಾ ಇದು?” ಎಂದು ಕೇಳಿದ. “ಅತ್ತೆಗಿಂತ ವಾಸಿ. ಮಾತಾಡಾಕಿಲ್ಲ,” ಎಂದಳು.

ಗಂಡ ಎಸ್ತಾನ್‌ಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಎಸ್ತಾನ್ ಒಳ್ಳೆಯವನು, ಕೋಣದ ಹಿಂದೆ ದಿನವಿಡೀ ನಡೆಯುವವನು, ಸಂಜೆ ಒಂದು ಲೋಟ ತೆಂಗಿನ ಹೆಂಡಕ್ಕೆ ತೃಪ್ತನಾಗುವವನು. ದೋನ್ಯಾಳ ದೊಡ್ಡಮನೆಯ ಹೆಸರು ಕೇಳಿದರೆ ಮಾತ್ರ ಅವನ ಕೈ ತಾನಾಗಿ ತಲೆಯ ಟೋಪಿಗೆ ಹೋಗುತ್ತಿತ್ತು.

“ತುಳಿಯಾಕೆ ನಿನ್ ಕಾಲೇ ಹೋಯ್ತವಲ್ಲೇ. ಅದ್ಕೆ ಯಾರ್ ಕೊಡ್ತಾರೆ ಕೂಲಿ?”

“ಕಾಲು ನಂದು. ನೋವೂ ನಂದು. ಅದ್ಕೆ ಯಾರೂ ಬಡ್ಡಿ ಹಾಕಾಕಿಲ್ಲ,” ಎಂದಳು ಲೂದಿಂಗ್.

ಪ್ರುದೋ ಕೆಸರಿಗೆ ಬಿದ್ದ ಮಾರನೆಯ ದಿನವೇ ದೊಡ್ಡಮನೆಯಿಂದ ಕರೆ ಬಂತು.

ಹಿಂಬಾಗಿಲ ಮೆಟ್ಟಿಲ ಬಳಿ ಕೆಲಸದ ಹುಡುಗಿ ರಬ್ಬರ್ ಪೈಪು ಹಿಡಿದು ನಿಂತಿದ್ದಳು. ಲೂದಿಂಗ್, ಎಸ್ತಾನ್ ಇಬ್ಬರ ಕಾಲಿಗೂ, ಕೋಣಕ್ಕೆ ಬಿಡುವಂತೆ, ಮಂಡಿಯವರೆಗೆ ನೀರು ಬಿಟ್ಟಳು. ಆಮೇಲೆ ಮೇಣ ತಿಕ್ಕಿದ ಮರದ ನೆಲದ ಮೇಲೆ ಎರಡು ಗೋಣಿತಾಟು ಹಾಸಿ, “ಇದರಿಂದ ಆಚೆ ಕಾಲಿಡಬೇಡಿ,” ಎಂದಳು. ಇಬ್ಬರೂ ದ್ವೀಪದಲ್ಲಿ ಸಿಕ್ಕಿಕೊಂಡವರಂತೆ ನಿಂತರು. ದೋನ್ಯಾ ಕ್ರಿಸಾಂತಾ ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿ ಕಡುಬನ್ನು ಬಿಸಿ ಚಾಕಲೇಟಿಗೆ ಅದ್ದಿ ತಿನ್ನುತ್ತಿದ್ದಳು. ಒಂದು ತಿಂದು ಮುಗಿಸಿ, ಇನ್ನೊಂದನ್ನು ಬಿಚ್ಚಿ, ಅದನ್ನೂ ಮುಗಿಸಿ, ಬೆರಳು ಒರೆಸಿಕೊಂಡಳು.

“ಏನಮ್ಮಾ ಲೂದಿಂಗ್. ನಮ್ಮ ಗೊಬ್ಬರ ಬೇಡ ಅಂದೆಯಂತೆ. ಬೇಜಾರಾಯ್ತು ನನಗೆ.”

“ಬೇಜಾರಾಗೋದೇನದೆ ಸೆನ್ಯೋರಾ. ನಮ್ ಗದ್ದೇಲಿ ಗೊಬ್ರ ತಾನಾಗೇ ಬೆಳೀತಾ ಅದೆ.”

“ಯಾರ ಗದ್ದೇಲಿ?”

ಎಸ್ತಾನ್ ಟೋಪಿಯನ್ನು ಹಿಂಡತೊಡಗಿದ. ಲೂದಿಂಗ್ ಕಾಲ ಕೆಳಗಿನ ಗೋಣಿತಾಟು ನೋಡಿ, “ನಿಮ್ ಗದ್ದೇಲಿ,” ಎಂದಳು.

“ಹಾಂ. ನನ್ನ ನೆಲ, ನಮ್ಮಪ್ಪ ತಂದ ನೀರು. ಅದರ ಮೇಲೆ ತೇಲೋದೂ ನಂದೇ. ಇರಲಿ, ನಾನು ಜಗಳ ಆಡೋಳಲ್ಲ. ಆ ಗಲೀಜು ಹಾಕ್ಕೊ, ಬಿಡು, ನಿನ್ನಿಷ್ಟ. ಆದರೆ ನಿಮ್ಮ ಹೆಸರಲ್ಲಿ ಚೀಲ ತರಿಸಿದ್ದೀನಿ. ಅದರ ಬಾಬ್ತು ಮಾತ್ರ ಕಟಾವಿನಲ್ಲಿ ಎತ್ತಿಡ್ತೀನಿ.”

“ನಾವು ಮುಟ್ಟದಿರೋ ಚೀಲಕ್ಕಾ?”

“ಮತ್ತೆ ಆ ಚೀಲ ನಾನು ತಿನ್ನಲಾ?” ದೋನ್ಯಾ ನಕ್ಕಳು. ಬಾಗಿಲಲ್ಲಿ ನಿಂತಿದ್ದ ಪ್ರುದೋ ಅವಳಿಗಿಂತ ಜೋರಾಗಿ ನಕ್ಕ. ಎಸ್ತಾನ್ ಕೂಡ ಅಭ್ಯಾಸಬಲದಿಂದ ಸ್ವಲ್ಪ ನಕ್ಕ. “ಆಗ್ಲಿ ಸೆನ್ಯೋರಾ,” ಎಂದ.

“ಆಗ್ಲಿ ಸೆನ್ಯೋರಾ,” ಎಂದಳು ಲೂದಿಂಗ್ ಕೂಡ. “ಹಂಗಾರೆ ಚೀಲ ಕೊಡ್ಸಿ. ಹೊತ್ಕಂಡ್ ಹೋಯ್ತೀವಿ. ಬಾಬ್ತು ಎತ್ತಿಟ್ ಮೇಕೆ ಮಾಲು ನಮ್ಮನೇಲಿರ್ಬೇಕಲ್ವಾ.”

ದೋನ್ಯಾ ಚೀಲ ಕೊಡುವಂತೆ ಪ್ರುದೋಗೆ ಸನ್ನೆ ಮಾಡಿದಳು. ಕೈಯಾಡಿಸಿ ಹೋಗಿ ಎಂದಳು.

ದಾರಿಯುದ್ದಕ್ಕೂ ಕೋಣ ಎಳೆಯುವ ಜಾರುಬಂಡಿಯ ಮೇಲೆ ಯೂರಿಯಾ ಚೀಲಗಳು, ಹಿಂದೆ ಗಂಡ ಹೆಂಡತಿಯ ಜಗಳ.

“ನಕ್ಕೆಯಲ್ಲೋ! ನನ್ ಕಾಲಿಗ್ ಪೈಪಲ್ಲಿ ನೀರ್ ಬುಟ್ಟು ಗೋಣಿ ಮ್ಯಾಲ್ ನಿಲ್ಲಿಸವ್ಳೆ, ನೀನು ಹಲ್ ಕಿರೀತೀಯಲ್ಲೋ ಬೇವರ್ಸಿ!”

“ಬಾಯಿ ಅದ್ರಷ್ಟಕ್ ಅದೇ ನಗ್ತು ಕಣೆ. ನಾನೇನ್ ಮಾಡ್ಲಿ.”

“ಹೊಲ್ಕೊ ಅದ್ನ.”

ಚೀಲಗಳು ಗುಡಿಸಲಿನೊಳಗೆ ಗೋಡೆಗೆ ಒರಗಿ ಕೂತವು. ಲೂದಿಂಗ್ ಹೊಲಿಗೆ ಬಿಚ್ಚಲು ಬಿಡಲಿಲ್ಲ. ಮೊದಲು ಅವು ಕುರ್ಚಿಯಾದವು. ಆಮೇಲೆ ಬಟ್ಟೆ ಒಣಹಾಕುವ ಜಾಗವಾದವು. ಒಂದರ ಮೇಲೆ ಕೋಳಿ ಮೊಟ್ಟೆಗೆ ಕೂತಿತು. ಬಂದವರೆಲ್ಲ ಕೂತು, “ಮೆತ್ಗವೆ ಕಣೇ ಲೂದಿಂಗು, ದೊಡ್ಡಮನೆ ಸೋಫಾ ಹಂಗವೆ,” ಎಂದು ಹೊಗಳಿ ಎದ್ದುಹೋದರು.

ನಾಟಿಯಾಗಿ ಸ್ವಲ್ಪ ದಿನಕ್ಕೆ ಬಿಸಿಲು ಏರಿತು. ಸಾಲುಗಳ ನಡುವೆ ಉಳಿದಿದ್ದ ಅಜೋಲಾ ಹಸಿರು ಬಿಟ್ಟು ಕೆಂಪಗಾಯಿತು. ಸುತ್ತಲಿನ ಗದ್ದೆಗಳಲ್ಲಿ ಯೂರಿಯಾ ತಿಂದ ಪೈರು ಗಿಣಿಯಂತೆ ಕುಣಿಯುತ್ತಿರುವಾಗ ಲೂದಿಂಗಳ ಪೈರು ಜ್ವರದಿಂದ ಎದ್ದ ಮಕ್ಕಳಂತೆ ಬಿಳಿಚಿಕೊಂಡು ನಿಂತಿತ್ತು. ದಾರಿಹೋಕರು ನಿಂತು ನೋಡಿ, ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು ಹೋಗುತ್ತಿದ್ದರು. ರಕ್ತ ಚೆಲ್ಲಿದಂತಿದೆ ಎಂದು ಯಾರೋ ಹೇಳಿ, ಅದು ಪಾದ್ರಿಯವರೆಗೂ ಮುಟ್ಟಿ, ಅವರು ಭಾನುವಾರದ ಪ್ರಾರ್ಥನೆಯಲ್ಲಿ ಅತಿಯಾಸೆಯ ಬಗ್ಗೆ ಎರಡು ಮಾತು ಆಡಿದರು. ಆಡುವಾಗ ಲೂದಿಂಗ್ ಕೂತಿದ್ದ ಬೆಂಚನ್ನೇ ನೋಡಿದರು. ಮೊದಲ ಬೆಂಚಿನಲ್ಲಿ ಕೂತಿದ್ದ ದೋನ್ಯಾ ಬೀಸಣಿಗೆ ಬೀಸಿಕೊಂಡಳು.

ಆ ಸಂಜೆ ಎಸ್ತಾನ್ ಚೀಲದ ಹೊಲಿಗೆಗೆ ಕೈ ಹಾಕಿದ.

“ಒಂದೇ ಒಂದ್ ಬೊಗಸೆ ಕಣೆ. ಯಾರ್ಗೂ ಗೊತ್ತಾಗಾಕಿಲ್ಲ.”

“ಕೈ ತಗಿ.”

“ಪೈರು ಸತ್ರೆ ಏನ್ ಉಣ್ತೀವೆ? ಪಾಚೀನಾ?”

ಲೂದಿಂಗ್ ಹೋಗಿ ಆ ಚೀಲದ ಮೇಲೆ ಕೂತಳು. ಕನ್ರಾದಾಳ ಗದ್ದೆಯಲ್ಲಿ ಇದರಿಂದಲೇ ಎರಡು ಬೆಳೆ ಬಂದಿದೆ. ಇಲ್ಲಿ ಯಾಕೆ ಹೀಗೆ? ಕೇಳೋಣವೆಂದರೆ ಜೀಪ್ನಿಗೆ ಕೊಡಲು ಕಾಸಿಲ್ಲ. ಅಡುಗೆ ಮಾಡಲು ಏಳಲಿಲ್ಲ. ಎಸ್ತಾನನೇ ನುಚ್ಚು ಬೇಯಿಸಿ, ಅವಳ ತಟ್ಟೆಯನ್ನು ಚೀಲದ ಪಕ್ಕಕ್ಕೆ ತಂದಿಟ್ಟ.

ಅವರನ್ನು ಉಳಿಸಿದವನು ಪ್ರುದೋ.

ಕೆಸರಿಗೆ ಬಿದ್ದದ್ದನ್ನು ಅವನಿನ್ನೂ ಮರೆತಿರಲಿಲ್ಲ. ಊರವರು ಅವನನ್ನು ಹಸಿರು ಕುಂಡೆ ಎಂದು ಕರೆಯುತ್ತಿದ್ದರು. ಬೇಗ ಮರೆಯುವ ಹಾಗಿರಲಿಲ್ಲ. ಒಂದು ಬೆಳಿಗ್ಗೆ ಬಂದು ಲೂದಿಂಗಳ ಗದ್ದೆಯ ತೂಬಿಗೆ ಹಲಗೆ ಬಡಿದು ಮುಚ್ಚಿದ. “ನೀರಿದ್ರೆ ತಾನೆ ನಿನ್ ಕಜ್ಜಿ! ಒಣಗ್ಲಿ, ಆಮೇಕೆ ಬಂದು ಕಾಲ್ ಹಿಡ್ಕೊ,” ಎಂದ. ಗದ್ದೆಯ ನೀರು ಇಂಗಿತು. ಅಜೋಲಾ ಕೆಸರಿಗೆ ಅಂಟಿ, ಸತ್ತು, ಕಪ್ಪಗೆ ಕೊಳೆತು ನಾರತೊಡಗಿತು. ನೆಲ ಕೂದಲೆಳೆಯಷ್ಟು ಬಿರಿಯುವ ಹೊತ್ತಿಗೆ ಎಸ್ತಾನ್ ದೊಡ್ಡಮನೆಗೆ ಹೋಗಿ ಅಂಗಳದಲ್ಲಿ ಅರ್ಧ ದಿನ ನಿಂತು ಬಂದ. ನೀರು ಬಿಟ್ಟರು.

ನೀರು ಬಂದ ವಾರದೊಳಗೆ ಪೈರಿನ ಬಣ್ಣ ತಿರುಗಿತು. ಅಜೋಲಾ ಬದುಕಿರುವವರೆಗೂ ತನ್ನೊಳಗೆ ಹಿಡಿದಿಟ್ಟುಕೊಂಡಿದ್ದ ಸಾರವನ್ನೆಲ್ಲ ಸತ್ತು ಕೊಳೆತಾಗ ಬೇರಿಗೆ ಬಿಟ್ಟಿತ್ತು. ಬಿಳಿಚಿದ್ದ ಪೈರು ಹಸಿರಾಗಿ, ಹಸಿರು ಕಡುಹಸಿರಾಗಿ, ಒಂದಕ್ಕೆ ನಾಲ್ಕು ತೆಂಡೆ ಒಡೆದು, ಬದು ಕಾಣದಂತೆ ಎದ್ದಿತು. ಯೂರಿಯಾ ತಿಂದ ಗದ್ದೆಗಳು ಮಳೆಗಾಳಿಗೆ ಮಲಗಿದಾಗಲೂ ಇದು ಮಲಗಲಿಲ್ಲ.

“ಪ್ರುದೋ, ನಿನ್ ಬಾಯಿಗ್ ಸಕ್ಕರೆ ಹಾಕ!” ಎಂದು ಲೂದಿಂಗ್ ಬದುವಿನ ಮೇಲೆ ನಿಂತು ಕೂಗಿದಳು. “ಮುಂದಿನ ಸಲಾನೂ ಹಿಂಗೇ ಹೊತ್ ನೋಡಿ ಮುಚ್ಚು ಬಾ!”

ಅದನ್ನು ನೋಡಿದ ಮೇಲೆ ಜನ ಒಬ್ಬೊಬ್ಬರಾಗಿ ಬಂದರು. ತಲೆ ಕೆರೆದುಕೊಂಡು, ಹವಾಮಾನದ ಮಾತಾಡಿ, ಕೊನೆಗೆ “ಒಸಿ ಕೊಡ್ತೀಯೇನವ್ವಾ,” ಎಂದರು. ಗುಡಿಸಲ ಹಿಂದಿನ ಗುಂಡಿಯಲ್ಲಿ ಬೀಜಕ್ಕೆಂದು ಉಳಿಸಿಕೊಂಡಿದ್ದ ಅಜೋಲಾವನ್ನು ಲೂದಿಂಗ್ ಬುಟ್ಟಿ ಬುಟ್ಟಿ ಕೊಟ್ಟಳು. ಕೊಟ್ಟಷ್ಟೂ ಇಮ್ಮಡಿಯಾಗುವ ಮಾಲು. ಅಂಥದ್ದನ್ನು ಕೊಡುವ ಸುಖ ಅವಳಿಗೆ ಹೊಸದು. ಒಬ್ಬನ ಗದ್ದೆಯಲ್ಲಿ ಬಸವನಹುಳು ಎಲ್ಲವನ್ನೂ ತಿಂದು ಮುಗಿಸಿತು. ಅವನು ಬಂದು ಬೈದು, ಇನ್ನೊಂದು ಬುಟ್ಟಿ ಒಯ್ದ. ತಿಸಿಂಗ್ ತನ್ನ ಬಾತುಕೋಳಿ ಹೊಂಡದಲ್ಲಿ ಬಿಟ್ಟುಕೊಂಡಳು. ಬಾತುಗಳು ತಿಂದು ಕೊಬ್ಬಿದವು.

ಕಟಾವಿನ ದಿನ ಕಣಕ್ಕೆ ದೋನ್ಯಾಳೇ ಬಂದಳು, ಕೊಡೆ ಹಿಡಿಸಿಕೊಂಡು. ಭತ್ತದ ರಾಶಿ ಎಸ್ತಾನನ ಎದೆಯೆತ್ತರಕ್ಕೆ ಬಿದ್ದಿತ್ತು. ಪ್ರುದೋ ಸೀಮೆಎಣ್ಣೆ ಡಬ್ಬದಲ್ಲಿ ಅಳೆಯುತ್ತಾ, “ಗೊಬ್ರದ ಬಾಬ್ತು,” ಎಂದು ಬೇರೆ ರಾಶಿ ಹಾಕಲು ಶುರುಮಾಡಿದ.

“ಒಸಿ ತಡಿ,” ಎಂದಳು ಲೂದಿಂಗ್.

ಎಸ್ತಾನ್ ಜಾರುಬಂಡಿ ಹೊಡೆದುಕೊಂಡು ಬಂದ. ಚೀಲಗಳನ್ನು ಒಂದೊಂದಾಗಿ ದೋನ್ಯಾಳ ಕಾಲ ಮುಂದೆ ಇಳಿಸಿದ. ಹೊಲಿಗೆ ಬಿಚ್ಚಿರಲಿಲ್ಲ. ಗುಡಿಸಲಿನ ತೇವಕ್ಕೆ ಒಳಗೆ ಯೂರಿಯಾ ಕಲ್ಲಾಗಿತ್ತು. ಇಳಿಸಿದಾಗ ಧಪ್ ಧಪ್ ಎಂದು ಸದ್ದಾಯಿತು. ಒಂದರ ಮೇಲೆ ಕೋಳಿಯ ಹಿಕ್ಕೆ.

“ನಿಮ್ ಮಾಲು ಸೆನ್ಯೋರಾ. ಹಂಗೇ ಅದೆ. ಬಾಬ್ತು ಎತ್ತೋ ಕೆಲ್ಸ ಇಲ್ಲ.”

ಸುತ್ತ ನಿಂತವರು ನಗಲಿಲ್ಲ, ಆದರೆ ಕೆಮ್ಮಿದರು. ಒಬ್ಬರಾದ ಮೇಲೊಬ್ಬರು ಕೆಮ್ಮಿದರು.

ದೋನ್ಯಾ ಕೊಡೆಯ ನೆರಳಲ್ಲಿ ನಿಂತು ಯೋಚಿಸಿದಳು. ಅವಳಿಗೆ ಸಿಟ್ಟು ಬರಲಿಲ್ಲ. ಅದೇ ಲೂದಿಂಗಳಿಗೆ ಭಯ ತಂದದ್ದು.

“ಸರಿ ಹಾಗಾದರೆ. ಗೊಬ್ಬರ ಹಾಕಿಲ್ಲ. ಅಂದರೆ ನಿಮಗೆ ಖರ್ಚೇ ಬಿದ್ದಿಲ್ಲ, ಅಲ್ವಾ? ಖರ್ಚಿಲ್ಲದೆ ಇಷ್ಟು ಬೆಳೆದಿದೆ ಅಂದ್ರೆ ಅದು ನನ್ನ ನೆಲದ ಗುಣ, ನನ್ನ ನೀರಿನ ಗುಣ. ಅರ್ಧ ಪಾಲು ಗೊಬ್ಬರ ಹಾಕೋರಿಗೆ. ಹಾಕದೋರಿಗೆ ಮೂರರಲ್ಲಿ ಒಂದು. ಪ್ರುದೋ, ಅಳಿ.”

ಪ್ರುದೋ ಅಳೆದ. ಎರಡು ಡಬ್ಬ ಅತ್ತ, ಒಂದು ಡಬ್ಬ ಇತ್ತ. ರಾಶಿ ಕರಗುತ್ತಾ ಹೋದಂತೆ ಲೂದಿಂಗಳಿಗೆ ಕಾಣತೊಡಗಿತು: ಉಳಿಯುವುದು ಹೋದ ಸಲದಷ್ಟೇ. ತುಳಿದ ಕಾಲು, ಬಿಳಿಚಿದ ಪೈರು, ಪಾದ್ರಿಯ ಕಣ್ಣು, ಎಲ್ಲವನ್ನೂ ದಾಟಿ ಬಂದು ಮತ್ತೆ ಅಲ್ಲೇ.

“ಗೊಬ್ರ ಹಾಕುದ್ರೆ ಗೊಬ್ರದ ಬಾಬ್ತು, ಹಾಕ್ದಿದ್ರೆ ನೆಲದ ಬಾಬ್ತು. ನಮ್ ಮೈ ಬಗ್ಗಿದ್ ಬಾಬ್ತು ಯಾವಾಗ್ ಬತ್ತದೆ ಸೆನ್ಯೋರಾ?”

“ನಿನ್ನ ಬಾಯಿ ಬೆಳೆದಷ್ಟು ಭತ್ತ ಬೆಳೆದಿದ್ದರೆ ಚೆನ್ನಾಗಿತ್ತು,” ಎಂದಳು ದೋನ್ಯಾ. ಮತ್ತೆ ಎಲ್ಲರಿಗೂ ಕೇಳುವಂತೆ: “ಯಾರ ಗದ್ದೇಲಿ ಆ ಗಲೀಜು ಕಾಣುತ್ತೋ ಅವರಿಗೆಲ್ಲ ಇದೇ ಪಾಲು. ಇನ್ನು ಇವಳ ಗದ್ದೆ. ಮುಂದಿನ ನಾಟಿಗೆ ಬೇರೆಯವರನ್ನ ಇಡ್ತೀನಿ. ಗೇಣಿ ಗೇಣಿ ಅಂತೀರಲ್ಲ, ಯಾವ ಕಾಗದ ಇದೆ ನಿಮ್ಮ ಹತ್ರ? ಕೂಲಿಯವರು ನೀವು. ಬೇಡ ಅಂದ ದಿನ ಹೋಗಬೇಕು.”

ಕೆಮ್ಮು ನಿಂತಿತು.

ಆ ವಾರವೇ ಪ್ರುದೋ ಮನೆ ಮನೆಗೆ ಹೋಗಿ ಅಜೋಲಾ ಎಳೆಸಿ ಬಿಸಿಲಿಗೆ ಹರಡಿಸಿದ. ಜನ ಎಳೆದು ಹರಡಿದರು. ಲೂದಿಂಗಳನ್ನು ಕಂಡರೆ ದಾರಿ ಬದಲಿಸಿದರು. ಬಾತುಕೋಳಿ ಹೊಂಡಕ್ಕೆ ಮಾತ್ರ ಅವನಿಗೆ ಇಳಿಯಲಾಗಲಿಲ್ಲ. “ಇದು ಬಾತಿನ ಮೇವು. ಬಾತಿಗೂ ಪಾಲು ಕೇಳ್ತೀಯೇನ್ಲಾ, ಬಡ್ಡಿಮಗನೆ?” ಎಂದು ತಿಸಿಂಗ್ ಕೋಲು ಹಿಡಿದು ನಿಂತಿದ್ದಳು.

ನಾಟಿಯ ಕಾಲ ಬಂತು. ಲೂದಿಂಗಳ ಗದ್ದೆಗೆ ಹೊಸಬರು ಸಿಕ್ಕಿರಲಿಲ್ಲ, ಆದರೆ ಅವಳೂ ಇಳಿಯುವಂತಿರಲಿಲ್ಲ. ಒಂದು ಮಧ್ಯಾಹ್ನ ತಿಸಿಂಗಳ ಜೊತೆ ಹೊಂಡದ ಏರಿಯ ಮೇಲೆ ಕೂತು ಬಾತುಗಳನ್ನು ನೋಡುತ್ತಾ ಹೇಳಿದಳು:

“ಒಬ್ಳ ಗದ್ದೇಲಿದ್ದದ್ಕೆ ಒಬ್ಳನ್ನ ಓಡಿಸ್ತಾ ಅವ್ಳೆ. ಎಲ್ಲಾರ ಗದ್ದೇಲೂ ಇದ್ರೆ ಎಲ್ಲಾರ್ನೂ ಓಡಿಸ್ತಾಳಾ? ನಾಟಿ ಯಾರ್ ಮಾಡ್ತಾರೆ, ಪ್ರುದೋನಾ?”

ತಿಸಿಂಗ್ ಎಲೆಅಡಿಕೆಯ ರಸ ಉಗಿದಳು. “ಎಲ್ಲಾರೂ ಹಾಕ್ಬೇಕಲ್ಲಾ. ಹೆದ್ರಿ ಉಚ್ಚೆ ಹುಯ್ಕತಾ ಅವ್ರೆ.”

“ಅವ್ರು ಯಾಕೆ ಹಾಕ್ಬೇಕು ಅಜ್ಜೀ? ನೀರು ಎಲ್ಲಾರ ಗದ್ದೇಗೂ ಹೋಯ್ತದಲ್ಲಾ.”

ಮುದುಕಿಯ ಅಗಿತ ನಿಂತಿತು. ಆಮೇಲೆ ಅವಳು ಅಷ್ಟು ನಕ್ಕಳೆಂದರೆ ಬಾತುಗಳೆಲ್ಲ ಹೊಂಡದ ಆಚೆ ದಡಕ್ಕೆ ಹೋದವು.

ನೀರು ಬಿಡುವ ದಿನ ದೊಡ್ಡಮನೆಗೆ ಸಡಗರ. ಕಾಲುವೆಯ ತಲೆಯಲ್ಲಿ, ಕಬ್ಬಿಣದ ಗೇಟಿನ ಬಳಿ ಚಪ್ಪರ, ಹಂದಿ ಸುಡುತ್ತಿದ್ದರು. ಪಾದ್ರಿ ನಿಲುವಂಗಿ ಹಾಕಿಕೊಂಡು ಬಂದಿದ್ದರು. ಬಂದೂಕಿನ ಇಬ್ಬರು ಕಾವಲುಗಾರರು ದೋನ್ಯಾಳ ಕುರ್ಚಿಯ ಎಡಬಲ. ಊರೆಲ್ಲ ಕೆಳಗೆ ನೆರೆದಿತ್ತು.

ಗೇಟಿನಿಂದ ಮೇಲೆ, ನದಿಯ ತಿರುವಿನಲ್ಲಿ, ಬಿದಿರುಮೆಳೆಯ ಮರೆಗೆ ಲೂದಿಂಗ್, ತಿಸಿಂಗ್ ಮತ್ತು ಅವರು ಒಪ್ಪಿಸಿದ್ದ ನಾಲ್ವರು ಹೆಂಗಸರು ಬೆಳಕು ಹರಿಯುವ ಮೊದಲಿಂದ ಅಜೋಲಾ ಬುಟ್ಟಿ ಹೊತ್ತಿದ್ದರು. ಎಸ್ತಾನನ ಜಾರುಬಂಡಿಯೂ ನಾಲ್ಕು ಸಲ ಬಂದಿತ್ತು. ಅವನು ಏನೂ ಕೇಳಿರಲಿಲ್ಲ. ಇಳಿಸಿ, ಬೆವರೊರೆಸಿಕೊಂಡು, ಮತ್ತೆ ಹೋಗಿದ್ದ. ಬಾತುಕೋಳಿ ಹೊಂಡ ಕನ್ನಡಿಯಂತೆ ಬರಿದಾಗಿತ್ತು.

ಪಾದ್ರಿ ಮಂತ್ರಿಸಿದ ನೀರು ಚಿಮುಕಿಸಿದರು. ಪ್ರುದೋ ಚಕ್ರ ತಿರುಗಿಸಿದ. ಗೇಟು ಎದ್ದಿತು, ನೀರು ನುಗ್ಗಿತು, ಜನ ಚಪ್ಪಾಳೆ ತಟ್ಟಿದರು. ಅದರ ಹಿಂದೆಯೇ ಹಸಿರು ಬಂತು. ಮೊದಲು ಅಲ್ಲೊಂದು ಇಲ್ಲೊಂದು ಚೂರು, ಆಮೇಲೆ ಚಾಪೆ, ಆಮೇಲೆ ಚಾಪೆಯ ಮೇಲೆ ಚಾಪೆ.

“ಆಹಾ, ನೀರಿನ ಜೊತೆ ಹಸಿರು! ಒಳ್ಳೆ ಶಕುನ ಸೆನ್ಯೋರಾ,” ಎಂದರು ಪಾದ್ರಿ. ಹೋದ ಸಲ ಅದು ರಕ್ತದಂತೆ ಕೆಂಪಗಿದೆ ಎಂದು ಮಾತ್ರ ಅವರು ಕೇಳಿದ್ದರು.

ದೋನ್ಯಾ ಕುರ್ಚಿಯಿಂದ ಎದ್ದಳು. “ಮುಚ್ಚೋ! ಗೇಟ್ ಮುಚ್ಚೋ ಪ್ರುದೋ!”

ಪ್ರುದೋ ಚಕ್ರವನ್ನು ಹಿಂದಕ್ಕೆ ತಿರುಗಿಸಿದ. ಗೇಟು ಕೆಳಗಿಳಿದು ಕಚ್ಚಿ ಕೂತಿತು. ಅಷ್ಟರಲ್ಲಿ ಹೋದದ್ದು ಹೋಗಿತ್ತು. ಉಳಿದದ್ದು ಕಬ್ಬಿಣಕ್ಕೆ ಒತ್ತಿಕೊಂಡು ಮೊಣಕಾಲೆತ್ತರ ಪೇರಿಸಿಕೊಂಡಿತು. ನದಿಗೆ ಇದು ತಿಳಿಯದು. ಅದು ನೀರು ತಳ್ಳುತ್ತಲೇ ಇತ್ತು. ಗೇಟಿನ ಮೇಲ್ಗಡೆ ಕಾಲುವೆ ಉಬ್ಬಿತು. ಬಲಗಡೆಯ ಮಣ್ಣಿನ ಏರಿ ಒಂದು ಕಡೆ ತಗ್ಗಾಗಿತ್ತು. ಅಲ್ಲಿಂದ ನೀರು ಮೊದಲು ನಾಲಿಗೆಯಷ್ಟು, ಆಮೇಲೆ ಅಂಗೈಯಷ್ಟು ಅಗಲಕ್ಕೆ ಕೆಳಗಿನ ಗದ್ದೆಗೆ ಇಳಿಯತೊಡಗಿತು. ಹಸಿರಾಗಿಯೇ.

“ಮಣ್ಣು! ಮಣ್ ಚೀಲ ತನ್ರೋ! ಗುದ್ಲಿ ತನ್ರೋ!” ಪ್ರುದೋ ಏರಿಯ ಮೇಲೆ ಅತ್ತಿತ್ತ ಓಡಿದ. “ಯಾಕ್ ನಿಂತಿದ್ದೀರ್ಲಾ ಸೂಳೆಮಕ್ಳಾ!”

ಯಾರೂ ಅಲುಗಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ಒಬ್ಬ ಟೋಪಿ ಸರಿಮಾಡಿಕೊಂಡ, ಇನ್ನೊಬ್ಬ ಬೀಡಿ ಹಚ್ಚಿದ. ಹಂದಿ ಸುಡುವವನು ಹಂದಿ ತಿರುಗಿಸುವುದನ್ನು ಮರೆತ. ಒಂದು ಮಗ್ಗುಲು ಕರಕಲಾದ ವಾಸನೆ ಬಂತು.

ಬಿದಿರುಮೆಳೆಯ ಕಡೆಯಿಂದ ಲೂದಿಂಗ್ ಬಂದಳು, ಹೆಗಲ ಮೇಲೆ ಗುದ್ದಲಿ. ಸೊಂಟದವರೆಗೂ ಹಸಿರು ಅಂಟಿತ್ತು. ಪ್ರುದೋಗೆ ಅದು ಕಾಣಲಿಲ್ಲ, ಗುದ್ದಲಿ ಮಾತ್ರ ಕಂಡಿತು.

“ಬಾವ್ವಾ ಲೂದಿಂಗು, ನೀನಾರೂ ಬಂದೆಯಲ್ಲಾ! ಬಾ, ಇಲ್ಲಿಗೆ ಮಣ್ ಕಟ್ಟು. ನಿನ್ ಗದ್ದೆ ನಿಂಗೇ ಕೊಡ್ಸಾಕ್ ಹೇಳ್ತೀನಿ, ನನ್ನಾಣೆ!”

ಲೂದಿಂಗ್ ತಗ್ಗಿನ ಬಳಿ ಕಾಲು ಅಗಲಿಸಿ ನಿಂತಳು. ಗುದ್ದಲಿ ಎತ್ತಿ ಏರಿಗೆ ಹಾಕಿದಳು. ಒಂದು ಹೆಂಟೆ ಕಿತ್ತು ಗದ್ದೆಗೆ ಬಿತ್ತು. ನೀರು ಅವಳ ಪಾದ ದಾಟಿ ಧುಮುಕಿತು.

“ಲೇ! ಮುಚ್ಚು ಅಂದ್ರೆ ತಗೀತೀಯಲ್ಲೇ!”

“ಕಿವಿ ಸರಿಯಾಗ್ ಕೇಳಾಕಿಲ್ಲ ಕಣಣ್ಣ,” ಎಂದಳು ಲೂದಿಂಗ್, ಎರಡನೆಯ ಹೆಂಟೆ ಕೀಳುತ್ತಾ.

ಇನ್ನೊಂದು ಗುದ್ದಲಿಯ ಸದ್ದು ಪಕ್ಕದಲ್ಲಿ ಕೇಳಿಸಿತು. ಎಸ್ತಾನ್. ಅವನ ತಲೆಯ ಮೇಲೆ ಟೋಪಿ ಗಟ್ಟಿಯಾಗಿ ಕೂತಿತ್ತು. ಕೆಳಗೆ ನಿಂತ ಗುಂಪಿನಿಂದ ಯಾರೋ ಒಬ್ಬ ಕೆಮ್ಮಿದ.

ಒಬ್ಬ ಕಾವಲುಗಾರ ಬಂದೂಕನ್ನು ಹೆಗಲಿನಿಂದ ಇಳಿಸಿ ಕೈಗೆ ತೆಗೆದುಕೊಂಡ. ಮಾತಿಗಾಗಿ ದೋನ್ಯಾಳ ಮುಖ ನೋಡಿದ. ದೋನ್ಯಾ ಏರಿಯ ಮೇಲಿನ ಇಬ್ಬರನ್ನು ನೋಡಿದಳು, ಕೆಳಗೆ ನಿಂತ ಊರನ್ನು ನೋಡಿದಳು, ನಾಟಿಗೆ ಕಾದು ಬಾಯಿ ಬಿಟ್ಟಿದ್ದ ತನ್ನ ಗದ್ದೆಗಳನ್ನು ಉದ್ದಕ್ಕೂ ನೋಡಿದಳು. ಬೀಸಣಿಗೆ ಅರ್ಧದಲ್ಲಿ ನಿಂತಿತ್ತು.

ಲೂದಿಂಗ್ ಅಂಗೈಗೆ ಉಗುಳಿಕೊಂಡು ಮತ್ತೆ ಗುದ್ದಲಿ ಎತ್ತಿದಳು.